ಹಳೆಯ ಟಿವಿಯ ನೌಕೆಗಳು: ನನ್ನ ಓಟು ಈಗಲ್‌ಗೆ

ಪ್ರಶ್ನೆ: ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ನೋಡಿ ಬೆಳೆದವನು ನಾನು. ಈಗ ಹನ್ನೆರಡು ವರ್ಷದ ಮಗಳ ಜೊತೆ ಕೂತು ಹಳೆಯ ವೈಜ್ಞಾನಿಕ ಸರಣಿಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ಹೊಸ ಸಿನಿಮಾಗಳ ಬಾಹ್ಯಾಕಾಶ ನೌಕೆಗಳು ನೋಡುವಾಗ ಅದ್ಭುತ, ಮರುದಿನ ನೆನಪೇ ಇರುವುದಿಲ್ಲ. ಹಳೆಯವು ಹಾಗಲ್ಲ. ಇದು ಬರೀ ಬಾಲ್ಯದ ಮೋಹವೋ, ಬೇರೆ ಕಾರಣ ಇದೆಯೋ? ನಿಮಗೆ ಎಲ್ಲಕ್ಕಿಂತ ಇಷ್ಟದ ವಾಹನ ಯಾವುದು? ನಾವಿಬ್ಬರೂ ಸೇರಿ ಒಂದರ ಮಾದರಿ ಕಟ್ಟಬೇಕು ಅಂತಿದ್ದೇವೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಬಾಲ್ಯದ ಮೋಹ ಸ್ವಲ್ಪ ಇದ್ದೇ ಇರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಿಮ್ಮ ಮಗಳಿಗೆ ಆ ಮೋಹ ಇರಲು ಸಾಧ್ಯವಿಲ್ಲ, ಅಲ್ವಾ? ಅವಳಿಗೂ ಹಳೆಯವು ನೆನಪಿನಲ್ಲಿ ಉಳಿಯುತ್ತಿದ್ದರೆ ಕಾರಣ ಆ ನೌಕೆಗಳಲ್ಲೇ ಇದೆ.

ನನ್ನ ಲೆಕ್ಕ ಸರಳ. ಒಂದು ವಾಹನವನ್ನು ನೋಡಿದ ಕೂಡಲೇ ಅದರ ಕೆಲಸ ಏನು ಅಂತ ಗೊತ್ತಾಗಬೇಕು. ಎಲ್ಲಿಂದ ಹತ್ತುತ್ತಾರೆ, ಎಂಜಿನ್ ಎಲ್ಲಿ, ಸಾಮಾನು ಎಲ್ಲಿಡುತ್ತಾರೆ, ಕೆಟ್ಟರೆ ಎಲ್ಲಿ ಬಿಚ್ಚುತ್ತಾರೆ ಅನ್ನುವುದು ಕಣ್ಣಿಗೇ ಅಂದಾಜಾಗಬೇಕು. ಹಳೆಯ ಸರಣಿಗಳ ಒಳ್ಳೆಯ ವಾಹನಗಳೆಲ್ಲ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಈಗಿನ ಎಷ್ಟೋ ನೌಕೆಗಳು ಬರೀ ಚೂಪು, ಬರೀ ಕಪ್ಪು, ಮೈತುಂಬ ನೀಲಿ ಬೆಳಕು. ಅವು ಏನು ಮಾಡುತ್ತವೆ ಅಂತ ಕೇಳಿದರೆ ‘ಹಾರುತ್ತವೆ’ ಅನ್ನುವುದಕ್ಕಿಂತ ಜಾಸ್ತಿ ಉತ್ತರ ಸಿಗುವುದಿಲ್ಲ.

ನನ್ನ ಓಟು ಯಾರಿಗೆ ಅಂತ ಮೊದಲೇ ಹೇಳಿಬಿಡುತ್ತೇನೆ. ‘ಸ್ಪೇಸ್: 1999’ ಸರಣಿಯ ಈಗಲ್‌ಗೆ. ‘ಸ್ಟಾರ್ ಟ್ರೆಕ್’ನ ನೌಕೆ ಎಂಟರ್‌ಪ್ರೈಸ್‌ನ ಅಭಿಮಾನಿಯಾದ ನಿಮಗೆ ಇದು ಬೇಸರವಾಗಬಹುದು. ಅದರ ಸರದಿಯೂ ಬರುತ್ತದೆ.

‘ಸ್ಪೇಸ್: 1999’ ಬ್ರಿಟನ್ನಿನಲ್ಲಿ ತಯಾರಾದ ಸರಣಿ. 1975ರಿಂದ 1977ರವರೆಗೆ ಪ್ರಸಾರವಾಯಿತು, ಒಟ್ಟು 48 ಕಂತು. ಕಥೆಯ ಮೂಲ ಕಲ್ಪನೆ ಮಾತ್ರ ನಗು ಬರಿಸುವಂಥದ್ದು. ಚಂದ್ರನ ಮೇಲೆ ಗುಡ್ಡೆ ಹಾಕಿದ್ದ ಅಣು ತ್ಯಾಜ್ಯ 1999ರ ಸೆಪ್ಟೆಂಬರ್ 13ರಂದು ಸಿಡಿಯುತ್ತದೆ. ಆ ಹೊಡೆತಕ್ಕೆ ಚಂದ್ರ ಭೂಮಿಯನ್ನು ಬಿಟ್ಟು ಹೊರಟೇಹೋಗುತ್ತದೆ. ಅಲ್ಲಿನ ನೆಲೆಯಾದ ಮೂನ್‌ಬೇಸ್ ಆಲ್ಫಾದ 311 ಜನರೂ ಅದರ ಜೊತೆಗೇ ಹೋಗುತ್ತಾರೆ. ಭೌತಶಾಸ್ತ್ರ ಗೊತ್ತಿದ್ದವರು ಈ ಭಾಗದಲ್ಲಿ ಕಣ್ಣು ಮುಚ್ಚಿಕೊಳ್ಳುವುದು ಒಳ್ಳೆಯದು. ಆದರೆ ಆ ಜನ ಓಡಾಡಲು ಬಳಸುವ ಈಗಲ್ ಕಂಡಾಗ ಕಣ್ಣು ತೆರೆಯಿರಿ.

ಮುಂದೆ ಪೈಲಟ್‌ಗಳು ಕೂರುವ ಮೂತಿ. ಹಿಂದೆ ನಾಲ್ಕು ದೊಡ್ಡ ಎಂಜಿನ್‌ಗಳು. ನಡುವೆ ಬರೀ ಕೊಳವೆಗಳ ಚೌಕಟ್ಟು, ಅದರ ಕೆಳಗೆ ಸಿಕ್ಕಿಸಿದ ಒಂದು ಡಬ್ಬಿ. ಡಬ್ಬಿ ಬದಲಿಸಿದರೆ ಕೆಲಸವೂ ಬದಲು. ಜನರನ್ನು ಸಾಗಿಸಲು ಒಂದು, ಸಾಮಾನಿಗೆ ಒಂದು, ಮೇಲಿಂದ ಸರಪಳಿ ಇಳಿಸಿ ಭಾರ ಎತ್ತಲು ಇನ್ನೊಂದು. ನಮ್ಮ ಹಳ್ಳಿಯ ಟ್ರ್ಯಾಕ್ಟರ್ ಬೆಳಿಗ್ಗೆ ಮರಳು ಹೊತ್ತು, ಸಂಜೆ ಅದೇ ಟ್ರೇಲರ್‌ನಲ್ಲಿ ಮದುವೆ ದಿಬ್ಬಣ ಕರೆದುಕೊಂಡು ಹೋಗುವುದಿಲ್ಲವೇ, ಈಗಲ್‌ದೂ ಅದೇ ಬಾಳು. ಅದಕ್ಕೆ ಸೊಗಸಿನ ಹಂಗಿಲ್ಲ. ಮೂಳೆಯೆಲ್ಲ ಹೊರಗೇ ಕಾಣುತ್ತದೆ. ಕಾಣಲಿ ಬಿಡಿ! ಗಾಳಿಯೇ ಇಲ್ಲದ ಕಡೆ ಓಡಾಡುವ ಗಾಡಿಗೆ ನುಣುಪಾದ ಹೊದಿಕೆ ಯಾಕೆ ಬೇಕು? ಅಪೋಲೋ ಯಾತ್ರಿಗಳು ಚಂದ್ರನ ಮೇಲೆ ಇಳಿದ ನಿಜವಾದ ವಾಹನವೂ ಹೀಗೇ ಸೊಟ್ಟಪಟ್ಟ ಇತ್ತು. 1969ರಲ್ಲಿ ಮೊದಲು ಇಳಿದ ಆ ವಾಹನದ ಹೆಸರೂ ಈಗಲ್ಲೇ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಬೆನ್ನೆಲುಬು ಕೂಡ ತೆರೆದ ಚೌಕಟ್ಟು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಇಳಿದಾಗ ಅದರ ನಾಲ್ಕು ಕಾಲುಗಳನ್ನು ನೋಡಿ ನನಗೆ ಮೊದಲು ನೆನಪಾದದ್ದು ಟಿವಿಯ ಈ ಈಗಲ್.

ಇದನ್ನು ರೂಪಿಸಿದವರು ಬ್ರಯಾನ್ ಜಾನ್ಸನ್. ಅವರು ಅದಕ್ಕೂ ಮೊದಲು ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾದ ವಿಶೇಷ ದೃಶ್ಯಗಳಲ್ಲಿ ಕೆಲಸ ಮಾಡಿದ್ದರು. ನಿಜವಾದ ರಾಕೆಟ್‌ಗಳ ಮೈಮೇಲೆ ಏನೇನು ಇರುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಈಗಲ್ ಮಾದರಿಯ ಮೇಲೆ ಅಲ್ಲಲ್ಲಿ ನಾಲ್ಕು ನಾಲ್ಕರ ಗುಂಪಿನಲ್ಲಿ ಸಣ್ಣ ಕೊಳವೆಬಾಯಿಗಳು ಕಾಣುತ್ತವೆ. ನೌಕೆಯನ್ನು ಅತ್ತ ಇತ್ತ ತಿರುಗಿಸಲು ಅಪೋಲೋದಲ್ಲೂ ಇಂಥವೇ ಇದ್ದವು. ಯಾರೂ ಅವುಗಳ ಬಗ್ಗೆ ಕಥೆಯಲ್ಲಿ ಮಾತಾಡುವುದಿಲ್ಲ, ಸುಮ್ನೆ ಇರುತ್ತವೆ. ನಿಜವಾದ ಯಂತ್ರದ ಮೇಲೂ ಹಾಗೇ ತಾನೇ? ಪ್ರತಿಯೊಂದು ನಟ್ಟಿನ ಬಗ್ಗೆ ಯಾರು ಭಾಷಣ ಮಾಡುತ್ತಾರೆ?

ಮುಖ್ಯ ಮಾದರಿ 44 ಇಂಚು ಉದ್ದ, ಅಂದರೆ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. ದೂರದ ದೃಶ್ಯಗಳಿಗೆ 22 ಮತ್ತು 11 ಇಂಚಿನವೂ ಇದ್ದವು. ಚಿತ್ರೀಕರಣದಲ್ಲಿ ಜಾನ್ಸನ್ ಒಂದು ಹಳೆಯ ಉಪಾಯ ಹೂಡಿದರು. ನೌಕೆಯನ್ನು ಒಂದು ಕಡೆ, ನಕ್ಷತ್ರಗಳನ್ನು ಇನ್ನೊಂದು ಕಡೆ ಚಿತ್ರಿಸಿ ಆಮೇಲೆ ಲ್ಯಾಬಿನಲ್ಲಿ ಜೋಡಿಸುವುದು ಆಗಿನ ರೂಢಿ. ಹಾಗೆ ಪ್ರತಿ ಸಲ ಫಿಲ್ಮಿನ ನಕಲು ತೆಗೆದಾಗಲೂ ಚಿತ್ರ ಮಂಕಾಗುತ್ತದೆ. ಅದಕ್ಕೆ ಅವರು ಒಂದೇ ಫಿಲ್ಮನ್ನು ಕ್ಯಾಮೆರಾದಲ್ಲೇ ಹಿಂದಕ್ಕೆ ಸುತ್ತಿ, ಅದರ ಮೇಲೆಯೇ ಮತ್ತೊಮ್ಮೆ ಚಿತ್ರಿಸುತ್ತಿದ್ದರು. ಒಂದು ತಪ್ಪಾದರೆ ಮೊದಲಿನಿಂದ ಎಲ್ಲವೂ ಮತ್ತೆ. ಫಲ ಏನೆಂದರೆ ಐವತ್ತು ವರ್ಷ ಹಳೆಯ ಆ ದೃಶ್ಯಗಳು ಇವತ್ತಿನ ದೊಡ್ಡ ಟಿವಿಯಲ್ಲೂ ಗರಿಗರಿಯಾಗಿ ಕಾಣುತ್ತವೆ. ಜಾನ್ಸನ್ ಮುಂದೆ ‘ಏಲಿಯನ್’ ಸಿನಿಮಾದ ದೃಶ್ಯಗಳಿಗಾಗಿ ತಂಡದ ಜೊತೆ ಆಸ್ಕರ್ ಪಡೆದರು. ಆಶ್ಚರ್ಯ ಏನಿಲ್ಲ.

ಈಗಲ್‌ನಲ್ಲಿ ಹುಳುಕು ಇಲ್ಲವೇ? ಬೇಕಾದಷ್ಟಿವೆ. ದಟ್ಟ ಗಾಳಿಯಿರುವ ಗ್ರಹಗಳ ಮೇಲೂ ಅದು ಬೆಚ್ಚಗಾಗದೆ ಇಳಿಯುತ್ತದೆ. ಇಂಧನ ಎಲ್ಲಿಟ್ಟಿದ್ದಾರೋ ದೇವರಿಗೇ ಗೊತ್ತು. ಆಗಾಗ ಒಂದು ಈಗಲ್ ಪುಡಿಪುಡಿಯಾಗುತ್ತದೆ, ಮುಂದಿನ ವಾರ ನೆಲೆಯಲ್ಲಿ ಮತ್ತೆ ಸಾಲಾಗಿ ನಿಂತಿರುತ್ತವೆ. ಆಲ್ಫಾದ ಸ್ಟೋರಿನಲ್ಲಿ ಲೆಕ್ಕದ ಪುಸ್ತಕ ಇಟ್ಟವರು ಯಾರೋ, ಅವರಿಗೆ ನಮಸ್ಕಾರ. ಆದರೂ ಆ ಗಾಡಿ ಕೆಟ್ಟು ಬಿದ್ದಾಗ ನಿಮಗೆ ಹೊಟ್ಟೆ ಚುರುಕ್ ಅನ್ನುತ್ತದೆ. ದುಡಿದು ದುಡಿದು ಬಿದ್ದ ಗಾಡಿ ಅನ್ನುವ ಭಾವನೆ ಬರುತ್ತದೆ.

ಈಗಲ್‌ಗೆ ಹತ್ತು ವರ್ಷ ಮೊದಲೇ ಡಬ್ಬಿ ಬದಲಿಸುವ ಇನ್ನೊಂದು ವಾಹನ ಟಿವಿಯಲ್ಲಿ ಬಂದಿತ್ತು. ಅದು ‘ಥಂಡರ್‌ಬರ್ಡ್ಸ್’ ಸರಣಿಯ ದಪ್ಪ ಹಸಿರು ವಿಮಾನ, ಥಂಡರ್‌ಬರ್ಡ್ 2. ‘ಸ್ಪೇಸ್: 1999’ ಮಾಡಿದ ಗೆರ್ರಿ ಮತ್ತು ಸಿಲ್ವಿಯಾ ಆಂಡರ್‌ಸನ್ ದಂಪತಿಯೇ ಇದನ್ನೂ ಮಾಡಿದ್ದು. 1965-66ರಲ್ಲಿ ಬಂದ 32 ಕಂತುಗಳ ಗೊಂಬೆಯಾಟ ಅದು. ದಾರ ಕಟ್ಟಿದ ಗೊಂಬೆಗಳು ಪಾತ್ರ ಮಾಡುತ್ತವೆ. ಟ್ರೇಸಿ ಅನ್ನುವ ಕುಟುಂಬದ ಐದು ಅಣ್ಣತಮ್ಮಂದಿರು ಜಗತ್ತಿನಲ್ಲಿ ಎಲ್ಲೇ ಅಪಘಾತವಾದರೂ ಹಾರಿ ಹೋಗಿ ಜನರನ್ನು ಉಳಿಸುತ್ತಾರೆ. ಐವರಿಗೂ ಅಮೆರಿಕದ ಮೊದಲ ಗಗನಯಾತ್ರಿಗಳ ಹೆಸರು: ಸ್ಕಾಟ್, ವರ್ಜಿಲ್, ಅಲನ್, ಗಾರ್ಡನ್, ಜಾನ್.

ಇದರ ಹಿಂದೆ ನಿಜ ಘಟನೆಯೊಂದಿದೆ. 1963ರ ಅಕ್ಟೋಬರ್‌ನಲ್ಲಿ ಆಗಿನ ಪಶ್ಚಿಮ ಜರ್ಮನಿಯ ಲೆಂಗೆಡೆ ಎಂಬಲ್ಲಿ ಗಣಿಗೆ ನೀರು ನುಗ್ಗಿತು. ಕಾರ್ಮಿಕರು ನೆಲದಡಿ ಸಿಕ್ಕಿಕೊಂಡರು. ಅವರನ್ನು ಹೊರತೆಗೆಯಲು ಬೇಕಾದ ದೊಡ್ಡ ಕೊರೆಯುವ ಯಂತ್ರ ದೂರದಿಂದ ಬರಬೇಕಿತ್ತು. ಎರಡು ವಾರದ ಬಳಿಕ ಕೊನೆಯ 11 ಜನರನ್ನು ಜೀವಂತ ಮೇಲೆತ್ತಿದರು. ರೇಡಿಯೋದಲ್ಲಿ ಸುದ್ದಿ ಕೇಳಿದ ಗೆರ್ರಿ ಆಂಡರ್‌ಸನ್‌ಗೆ ಒಂದು ಯೋಚನೆ ಬಂತು. ಭಾರೀ ಯಂತ್ರಗಳನ್ನು ಮೊದಲೇ ಸಿದ್ಧವಾಗಿಟ್ಟು, ಕರೆ ಬಂದ ಕೂಡಲೇ ಹೊತ್ತು ಹಾರುವ ವ್ಯವಸ್ಥೆ ಇದ್ದರೆ ಹೇಗೆ? ಥಂಡರ್‌ಬರ್ಡ್ 2ರ ಹೊಟ್ಟೆ ಅಷ್ಟು ದಪ್ಪ ಯಾಕೆ ಅನ್ನುವುದಕ್ಕೆ ಉತ್ತರ ಆ ಗಣಿಯಲ್ಲಿದೆ. ಅದು ನೆಲಕ್ಕಿಳಿದು, ಕಾಲೂರಿ ಮೈ ಮೇಲಕ್ಕೆತ್ತಿಕೊಳ್ಳುತ್ತದೆ. ಡಬ್ಬಿ ಕೆಳಗೇ ಉಳಿಯುತ್ತದೆ. ಅದರ ಬಾಗಿಲು ತೆರೆದರೆ ಒಳಗಿಂದ ನೆಲ ಕೊರೆಯುವ ‘ಮೋಲ್’ ಉರುಳಿಕೊಂಡು ಬರುತ್ತದೆ. ಅಂದಹಾಗೆ, 1950ರಲ್ಲಿ ಅಮೆರಿಕದಲ್ಲಿ ಹೊಟ್ಟೆಯ ಡಬ್ಬಿ ಕಳಚಿಡುವ ವಿಮಾನವೊಂದು ನಿಜವಾಗಿಯೇ ಹಾರಿತ್ತು. ಫೇರ್‌ಚೈಲ್ಡ್ ಕಂಪನಿಯ ಎಕ್ಸ್‌ಸಿ-120. ಒಂದೇ ಒಂದು ತಯಾರಾಗಿ ಅಲ್ಲಿಗೇ ನಿಂತಿತು.

ಆಂಡರ್‌ಸನ್ ದಂಪತಿಯ ಸರಣಿಗಳಲ್ಲಿ ಇಷ್ಟೊಂದು ವಾಹನ ಯಾಕೆ ಅಂತ ನಿಮ್ಮ ಮಗಳು ಕೇಳಬಹುದು. ಕೇಳದಿದ್ದರೆ ನೀವೇ ಹೇಳಿ, ಕೇಳಿ ನಕ್ಕಾಳು. ಗೊಂಬೆಗಳಿಗೆ ನಡೆಯಲು ಬರುತ್ತಿರಲಿಲ್ಲ! ದಾರದಲ್ಲಿ ತೂಗುವ ಗೊಂಬೆ ನಡೆದರೆ ಕುಪ್ಪಳಿಸಿದಂತೆ ಕಾಣುತ್ತದೆ. ಹಾಗಾಗಿ ಪಾತ್ರಗಳನ್ನು ಆದಷ್ಟೂ ಕೂರಿಸಿಡಬೇಕು. 1961ರ ‘ಸೂಪರ್‌ಕಾರ್’ನಲ್ಲಿ ಆಂಡರ್‌ಸನ್ ವಾಹನವನ್ನೇ ಕಥಾನಾಯಕ ಮಾಡಿದ್ದು ಈ ಕಷ್ಟದಿಂದ ಪಾರಾಗಲು. ‘ಥಂಡರ್‌ಬರ್ಡ್ಸ್’ಗೆ ಬರುವಷ್ಟರಲ್ಲಿ ಅದೇ ಕಷ್ಟ ಹಬ್ಬವಾಯಿತು. ಅಲನ್ ಸೋಫಾದಲ್ಲಿ ಕೂತರೆ ಸೋಫಾ ನೆಲದೊಳಗೆ ಇಳಿದು ರಾಕೆಟ್ಟಿನ ಒಳಗೆ ಹೋಗುತ್ತದೆ. ವರ್ಜಿಲ್ ಗೋಡೆಯ ಚಿತ್ರಕ್ಕೆ ಬೆನ್ನು ಕೊಟ್ಟು ನಿಂತರೆ ಚಿತ್ರ ಮಗುಚಿ, ಅವನು ತಲೆಕೆಳಗಾಗಿ ಜಾರುತ್ತ ನೇರ ಪೈಲಟ್ ಸೀಟಿಗೆ ತಲುಪುತ್ತಾನೆ. ಬಂಡೆಯ ಬಾಗಿಲು ಮಲಗುತ್ತದೆ, ದಾರಿಯ ಎರಡೂ ಬದಿಯ ತಾಳೆಮರಗಳು ಪಕ್ಕಕ್ಕೆ ಬಾಗುತ್ತವೆ, ವಿಮಾನ ಹೊರಗೆ ಬರುತ್ತದೆ. ಇಷ್ಟೂ ಆದರೂ ಯಾರೂ ಒಂದು ಹೆಜ್ಜೆ ನಡೆದಿರುವುದಿಲ್ಲ. ಈ ದೃಶ್ಯ ಕಂತು ಕಂತಿನಲ್ಲೂ ಬರುತ್ತದೆ, ಒಮ್ಮೆಯೂ ಬೇಜಾರಾಗುವುದಿಲ್ಲ.

ಈಗ ನೀವು ಕೇಳಿದ ‘ಬೇರೆ ಕಾರಣ’ಕ್ಕೆ ಬರೋಣ. ಅದು ತೂಕ. ಹಳೆಯ ಒಳ್ಳೆಯ ಮಾದರಿಗಳು ಭಾರವಾಗಿ ಕಾಣುತ್ತವೆ. ‘ಥಂಡರ್‌ಬರ್ಡ್ಸ್’ನ ವಿಶೇಷ ದೃಶ್ಯಗಳ ಮುಖ್ಯಸ್ಥ ಡೆರೆಕ್ ಮೆಡಿಂಗ್ಸ್ ಮಾದರಿಗಳನ್ನು ಸೆಕೆಂಡಿಗೆ 120 ಫ್ರೇಮ್ (ಅಂದರೆ ಬಿಡಿ ಚಿತ್ರ) ವೇಗದಲ್ಲಿ ಚಿತ್ರಿಸುತ್ತಿದ್ದರು. ಟಿವಿಯಲ್ಲಿ ತೋರಿಸುವುದು 24 ಇಲ್ಲವೇ 25 ಫ್ರೇಮ್. ಅಂದರೆ ಎಲ್ಲವೂ ಸುಮಾರು ಐದು ಪಟ್ಟು ನಿಧಾನ. ಇದು ಕಣ್ಣಳತೆಯ ಉಪಾಯ ಅಂತ ಅನ್ನಿಸಬಹುದು, ಆದರೆ ಇದರಲ್ಲಿ ಹೈಸ್ಕೂಲಿನ ಭೌತಶಾಸ್ತ್ರ ಇದೆ. 20 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟಲು ಸುಮಾರು 2 ಸೆಕೆಂಡ್ ಬೇಕು. ಅದನ್ನೇ 25ರಲ್ಲಿ ಒಂದು ಪಾಲು ಚಿಕ್ಕದಾಗಿ ಮಾಡಿದರೆ ಎತ್ತರ 80 ಸೆಂಟಿಮೀಟರ್. ಅಲ್ಲಿಂದ ಬೀಳಲು ಸುಮಾರು 0.4 ಸೆಕೆಂಡ್ ಸಾಕು. ಉದ್ದ 25 ಪಟ್ಟು ಇಳಿದರೆ ಸಮಯ ಅದರ ವರ್ಗಮೂಲದಷ್ಟು, ಅಂದರೆ 5 ಪಟ್ಟು ಇಳಿಯುತ್ತದೆ. ಅದಕ್ಕೇ ಐದು ಪಟ್ಟು ಜೋರಾಗಿ ಚಿತ್ರಿಸಿ ನಿಧಾನವಾಗಿ ತೋರಿಸಿದರೆ ಪುಟ್ಟ ವಿಮಾನ ದೈತ್ಯ ವಿಮಾನದ ಹಾಗೆ ಇಳಿಯುತ್ತದೆ, ಸಣ್ಣ ಪಟಾಕಿ ದೊಡ್ಡ ಸ್ಫೋಟದ ಹಾಗೆ ಅರಳುತ್ತದೆ. ನೀರು ಮಾತ್ರ ಈ ಆಟಕ್ಕೆ ಬಗ್ಗುವುದಿಲ್ಲ. ಹನಿಯ ಗಾತ್ರ ಕುಗ್ಗಿಸಲಾಗದು ನೋಡಿ. ಹಳೆಯ ಸರಣಿಗಳ ಸಮುದ್ರದ ದೃಶ್ಯಗಳು ತಕ್ಷಣ ತೊಟ್ಟಿಯಂತೆ ಕಾಣುವುದು ಅದಕ್ಕೇ.

ಮೆಡಿಂಗ್ಸ್ ಮಾಡಿದ ಇನ್ನೊಂದು ಕೆಲಸ, ಮಾದರಿಗಳನ್ನು ಕೊಳೆ ಮಾಡಿದ್ದು. ಹೊಗೆ ಮಸಿ, ಎಣ್ಣೆ ಕಲೆ, ಪೆನ್ಸಿಲ್ಲಿನಲ್ಲಿ ಎಳೆದ ತಗಡಿನ ಗೆರೆ. ಹೊಸದಾಗಿ ಹೊಳೆಯುವ ಯಂತ್ರವನ್ನು ಯಾರೂ ನಂಬುವುದಿಲ್ಲ. ವಿಮಾನ ಹಾರುವ ದೃಶ್ಯಕ್ಕೆ ಅವರು ವಿಮಾನವನ್ನು ನಿಂತಲ್ಲೇ ತೂಗುಹಾಕಿ, ಕೆಳಗಿನ ನೆಲ ಮತ್ತು ಹಿಂದಿನ ಆಕಾಶವನ್ನು ಉರುಳುವ ಪಟ್ಟಿಗಳ ಮೇಲೆ ಬೇರೆ ಬೇರೆ ವೇಗದಲ್ಲಿ ಓಡಿಸಿದರು. ಬಜೆಟ್ ಹೇಗಿತ್ತು ಅಂತ ತಿಳಿಯಬೇಕಾದರೆ ಥಂಡರ್‌ಬರ್ಡ್ 1 ಮೇಲೇರುವ ಜಾಗದ ಗೋಡೆಯನ್ನು ಗಮನಿಸಿ. ಅಲ್ಲಿ ಅಂಟಿಸಿರುವುದು ನಿಂಬೆಹಣ್ಣು ಹಿಂಡುವ ಸಾಧನ!

ಈ ವಿಷಯದಲ್ಲಿ ಜರ್ಮನರೂ ಕಡಿಮೆಯಿಲ್ಲ. 1966ರ ಸೆಪ್ಟೆಂಬರ್ 17ರಂದು, ಅಂದರೆ ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಶುರುವಾದ ಒಂಬತ್ತೇ ದಿನಕ್ಕೆ, ಅಲ್ಲಿ ‘ರೌಮ್‌ಪಟ್ರೂಲ್ಯೆ’ ಎಂಬ ಏಳು ಕಂತಿನ ಕಪ್ಪುಬಿಳುಪು ಸರಣಿ ಆರಂಭವಾಯಿತು. ಅದರ ನೌಕೆ ಓರಿಯನ್, ಸಮುದ್ರದ ತಳದ ನೆಲೆಯಿಂದ ನೀರಿನ ಸುಳಿಯ ನಡುವೆ ಮೇಲೇಳುತ್ತದೆ. ನೋಡಲು ಭವ್ಯ. ಒಳಗೆ ನಿಯಂತ್ರಣ ಫಲಕದ ಮೇಲೆ ಕೈಯಿಡುವ ಹಿಡಿ ಯಾವುದು ಗೊತ್ತೇ? ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆ. ಆದರೂ ಸೆಟ್ ರೂಪಿಸಿದ ರೋಲ್ಫ್ ಝೇಹೆಟ್‌ಬಾವರ್ ಮುಂದೆ ಆಸ್ಕರ್ ಗೆದ್ದವರು.

ಇನ್ನು ನಿಮ್ಮ ಎಂಟರ್‌ಪ್ರೈಸ್. ಅದನ್ನು ರೂಪಿಸಿದ ಮ್ಯಾಟ್ ಜೆಫರೀಸ್ ವಿಮಾನಗಳನ್ನು ಬಲ್ಲ ಮನುಷ್ಯ, ಸ್ವತಃ ಪೈಲಟ್. ಸರಣಿಯ ಜನಕ ಜೀನ್ ರಾಡನ್‌ಬೆರಿ ಅವರಿಗೆ ಹೇಳಿದ್ದು ಬಹುಪಾಲು ಏನು ಇರಬಾರದು ಅಂತಲೇ. ರೆಕ್ಕೆ ಬೇಡ, ರಾಕೆಟ್ ಬೇಡ, ಹಿಂದೆ ಹೊಗೆ ಬೇಡ. ಜೆಫರೀಸ್ ಹೀಗೆ ಯೋಚಿಸಿದರು: ಅಷ್ಟು ಶಕ್ತಿಯ ಎಂಜಿನ್ ಅಪಾಯಕಾರಿಯಾಗಿರಲೇಬೇಕು, ಹಾಗಾಗಿ ಜನ ಇರುವ ಭಾಗದಿಂದ ಅದನ್ನು ದೂರ ಇಡಬೇಕು. ಎರಡು ಉದ್ದನೆಯ ಎಂಜಿನ್‌ಗಳು ಕಂಬಗಳ ಮೇಲೆ ಹೊರಗೆ ಚಾಚಿಕೊಂಡಿರುವುದು ಈ ಕಾರಣಕ್ಕೆ. ಮೈ ನುಣುಪಾಗಿರುವುದಕ್ಕೂ ಕಾರಣವಿದೆ. ರಿಪೇರಿ ಬೇಕಾದ್ದೆಲ್ಲ ಒಳಗೇ ಇರಲಿ, ಯಾರೂ ಹೊರಗೆ ತೂಗಾಡಬೇಕಿಲ್ಲ ಅಂತ. ನೌಕೆಯೊಳಗೆ ಎಂಜಿನಿಯರ್ ನುಸುಳಿ ಕೆಲಸ ಮಾಡುವ ಕೊಳವೆಗೆ ‘ಜೆಫರೀಸ್ ಟ್ಯೂಬ್’ ಅಂತಲೇ ಹೆಸರಾಯಿತು. ಈಗಲ್ ಮೂಳೆ ತೋರಿಸುತ್ತದೆ, ಎಂಟರ್‌ಪ್ರೈಸ್ ಮುಚ್ಚಿಡುತ್ತದೆ. ಎರಡರ ಹಿಂದೆಯೂ ಯಂತ್ರ ಬಲ್ಲವರ ಯೋಚನೆ ಇದೆ.

ದೊಡ್ಡ ಮಾದರಿ 11 ಅಡಿಗಿಂತ ಸ್ವಲ್ಪ ಉದ್ದ. 1964ರ ಕೊನೆಗೆ ಸಿದ್ಧವಾಯಿತು. ಇದರದ್ದೊಂದು ಗುಟ್ಟು ಇದೆ. ಚಿತ್ರೀಕರಣಕ್ಕೆ ತಯಾರು ಮಾಡಿದ್ದು ಅದರ ಬಲಭಾಗ ಮಾತ್ರ. ಆಮೇಲೆ ಒಳಗೆ ದೀಪ ಕೂರಿಸಿದಾಗ ವೈರುಗಳೆಲ್ಲ ಎಡಗಡೆಯಿಂದ ಹೊರಬಂದವು. ಹಾಗಾಗಿ ಎಡಭಾಗವನ್ನು ಕ್ಯಾಮೆರಾ ನೋಡುವಂತಿರಲಿಲ್ಲ. ನೌಕೆ ಇನ್ನೊಂದು ದಿಕ್ಕಿಗೆ ಹೋಗಬೇಕಾದರೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ಅಂಟಿಸಿ, ಚಿತ್ರ ತೆಗೆದು, ಫಿಲ್ಮನ್ನು ತಿರುವಿ ಹಾಕುತ್ತಿದ್ದರು. ಮುಂದಿನ ಸಲ ನೋಡುವಾಗ ನೌಕೆ ಯಾವ ಕಡೆ ಜಾಸ್ತಿ ಹೋಗುತ್ತದೆ ಅಂತ ಮಗಳ ಹತ್ತಿರ ಎಣಿಸಲು ಹೇಳಿ.

ಪ್ರತಿ ವಾರ ಹೊಸ ಗ್ರಹದ ಮೇಲೆ ಇಷ್ಟು ದೊಡ್ಡ ನೌಕೆಯನ್ನು ಇಳಿಸಿ ತೋರಿಸುವಷ್ಟು ದುಡ್ಡು ಇರಲಿಲ್ಲ. ಅದರಿಂದಲೇ ಟ್ರಾನ್ಸ್‌ಪೋರ್ಟರ್ ಹುಟ್ಟಿತು. ಜನ ಇಲ್ಲಿ ಮಿಂಚಿ ಮಾಯವಾಗಿ ಅಲ್ಲಿ ಪ್ರತ್ಯಕ್ಷ. ಗೆಲಿಲಿಯೋ ಎಂಬ ಪುಟ್ಟ ನೌಕೆ ಆಮೇಲೆ ಬಂತು. ಅದರ ಆಳೆತ್ತರದ ಮಾದರಿಯನ್ನು ಎಎಂಟಿ ಎಂಬ ಆಟಿಕೆ ಕಿಟ್ ಕಂಪನಿ ಕಟ್ಟಿಸಿಕೊಟ್ಟಿತು. ಬದಲಿಗೆ ಪ್ಲಾಸ್ಟಿಕ್ ಕಿಟ್ ಮಾರುವ ಹಕ್ಕು ಪಡೆಯಿತು. ಆ ಗೆಲಿಲಿಯೋ ಎಷ್ಟೋ ಕೈ ಬದಲಾಗಿ, ಬಿಸಿಲು ಮಳೆಗೆ ಹಾಳಾಗಿ, ಕೊನೆಗೆ ದುರಸ್ತಿಯಾಗಿ 2013ರಲ್ಲಿ ಹ್ಯೂಸ್ಟನ್‌ನ ಬಾಹ್ಯಾಕಾಶ ಕೇಂದ್ರ ಸೇರಿತು. ದೊಡ್ಡ ಎಂಟರ್‌ಪ್ರೈಸ್ ಮಾದರಿ ವಾಷಿಂಗ್ಟನ್ನಿನ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದಲ್ಲಿದೆ. 2016ರಲ್ಲಿ ದುರಸ್ತಿ ಮುಗಿದ ಮೇಲೆ ಅದನ್ನು ಹಾರಾಟದ ಮೈಲಿಗಲ್ಲುಗಳ ಸಭಾಂಗಣದಲ್ಲಿ ಇಟ್ಟರು. ಅದೇ ಕಟ್ಟಡದಲ್ಲಿ ಅಪೋಲೋದ ನಿಜವಾದ ಚಂದ್ರವಾಹನವೂ ಇದೆ. ಎಂಟರ್‌ಪ್ರೈಸ್‌ನ ಮೂರು ಅಡಿಯ ಮೊದಲ ಮಾದರಿಯ ಕಥೆ ಇನ್ನೂ ಮಜ. ಎಪ್ಪತ್ತರ ದಶಕದಲ್ಲಿ ಯಾರಿಗೋ ಎರವಲು ಕೊಟ್ಟದ್ದು ವಾಪಸ್ ಬರಲೇ ಇಲ್ಲ. 2023ರಲ್ಲಿ ಆನ್‌ಲೈನ್ ಹರಾಜಿನ ಪಟ್ಟಿಯಲ್ಲಿ ದಿಢೀರನೆ ಕಾಣಿಸಿಕೊಂಡಿತು. ಮರುವರ್ಷ ರಾಡನ್‌ಬೆರಿಯವರ ಮಗನ ಕೈ ಸೇರಿತು.

ಇನ್ನೊಂದು ಎಂಟರ್‌ಪ್ರೈಸ್ ನಿಮಗೆ ಗೊತ್ತೇ ಇರುತ್ತದೆ. ಅಮೆರಿಕದ ಮೊದಲ ಸ್ಪೇಸ್ ಷಟಲ್‌ಗೆ ಬೇರೆ ಹೆಸರು ನಿಶ್ಚಯವಾಗಿತ್ತು. ಅಭಿಮಾನಿಗಳು ಪತ್ರಗಳ ಮಳೆ ಸುರಿಸಿದರು. 1976ರ ಸೆಪ್ಟೆಂಬರ್ 17ರಂದು ಷಟಲ್ ಹೊರಬಂದಾಗ ಮೈಮೇಲೆ ಎಂಟರ್‌ಪ್ರೈಸ್ ಅಂತ ಬರೆದಿತ್ತು, ಎದುರಿಗೆ ಸರಣಿಯ ನಟರು ನಿಂತಿದ್ದರು. ಪಾಪ, ಆ ಷಟಲ್ ಬಾಹ್ಯಾಕಾಶಕ್ಕೆ ಹೋಗಲೇ ಇಲ್ಲ. ವಾತಾವರಣದಲ್ಲಿ ಇಳಿಯುವ ಪರೀಕ್ಷೆಗಷ್ಟೇ ಬಳಕೆಯಾಯಿತು.

ಹಾಗಾದರೆ ಎಂಟರ್‌ಪ್ರೈಸ್‌ಗೆ ಮೊದಲ ಸ್ಥಾನ ಯಾಕಿಲ್ಲ? ಅದು ಊರು, ಗಾಡಿ ಅಲ್ಲ. ನಾನು ಅದರಲ್ಲಿ ವಾಸ ಮಾಡಲು ಒಪ್ಪುತ್ತೇನೆ. ಓಡಿಸಬೇಕು ಅಂತ ಅನ್ನಿಸುವುದಿಲ್ಲ.

‘ಡಾಕ್ಟರ್ ಹೂ’ ಸರಣಿಯ ಕಾಲಯಂತ್ರ ಟಾರ್ಡಿಸ್ ಬಗ್ಗೆ ಹೇಳದಿದ್ದರೆ ಬ್ರಿಟನ್ನಿನಲ್ಲಿರುವ ನಮ್ಮ ಓದುಗರು ಜಗಳಕ್ಕೆ ಬರುತ್ತಾರೆ. 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಮೊದಲು ಕಂಡದ್ದು ಒಂದು ನೀಲಿ ಪೊಲೀಸ್ ಡಬ್ಬಿ. ಆ ಕಾಲದ ಲಂಡನ್ ಬೀದಿಗಳಲ್ಲಿ ಪೊಲೀಸರಿಗೆ ಫೋನ್ ಮಾಡಲು ಇಂಥ ಡಬ್ಬಿಗಳಿದ್ದವು. 1929ರಲ್ಲಿ ಗಿಲ್ಬರ್ಟ್ ಮೆಕೆಂಝಿ ಟ್ರೆಂಚ್ ಎಂಬುವರು ರೂಪಿಸಿದ ನಮೂನೆ ಅದು. ಕಥೆಯ ಪ್ರಕಾರ ಟಾರ್ಡಿಸ್ ಎಲ್ಲಿ ಇಳಿದರೂ ಅಲ್ಲಿಗೆ ಹೊಂದುವ ರೂಪ ತಳೆಯಬೇಕು. ಆದರೆ ವಾರ ವಾರ ಹೊಸ ರೂಪ ಕಟ್ಟಲು ಹಣ ಎಲ್ಲಿದೆ? ಹಾಗಾಗಿ ‘ರೂಪ ಬದಲಿಸುವ ಭಾಗ ಕೆಟ್ಟಿದೆ’ ಅಂದುಬಿಟ್ಟರು. ಇವತ್ತಿಗೂ ಅದು ರಿಪೇರಿಯಾಗಿಲ್ಲ. ಅದು ಹೊರಡುವಾಗಿನ ಉಸಿರುಗಟ್ಟಿದಂಥ ಸದ್ದು ಬಿಬಿಸಿಯ ಧ್ವನಿತಜ್ಞ ಬ್ರಯಾನ್ ಹಾಡ್ಜ್‌ಸನ್ ಅವರ ಸೃಷ್ಟಿ. ಹಳೆಯ ಪಿಯಾನೋದ ದಪ್ಪ ತಂತಿಗಳ ಮೇಲೆ ಮನೆಯ ಬೀಗದ ಕೈಯನ್ನು ಉಜ್ಜಿ, ಅದನ್ನು ಟೇಪಿನಲ್ಲಿ ಹಿಂದುಮುಂದಾಗಿಸಿ ತಯಾರಿಸಿದ್ದು. ಮುಂದೆ ಲಂಡನ್ ಪೊಲೀಸರು ಆ ಡಬ್ಬಿಯ ರೂಪ ತಮ್ಮದು ಅಂತ ತಕರಾರು ತೆಗೆದರು. 2002ರಲ್ಲಿ ತೀರ್ಪು ಬಿಬಿಸಿ ಕಡೆಗೇ ಆಯಿತು. ಬೀದಿಗಳಲ್ಲಿ ಅಷ್ಟರಲ್ಲಿ ಡಬ್ಬಿಗಳು ಬಹುತೇಕ ಮಾಯವಾಗಿದ್ದವು, ಜನ ಅದನ್ನು ಟಿವಿಯ ವಸ್ತು ಅಂತಲೇ ಗುರುತಿಸುತ್ತಿದ್ದರು. ನನಗೆ ಟಾರ್ಡಿಸ್ ಇಷ್ಟ, ಆದರೆ ಅದು ವಾಹನಕ್ಕಿಂತ ಬಾಗಿಲು. ಒಂದು ಕಥೆಯಿಂದ ಇನ್ನೊಂದಕ್ಕೆ ದಾಟುವ ಬಾಗಿಲು.

ಉಳಿದವು ಬೇಗ ಬೇಗ. ‘ಲಾಸ್ಟ್ ಇನ್ ಸ್ಪೇಸ್’ನ ಜುಪಿಟರ್ 2 ನನಗೆ ಹಿಡಿಸುವುದಿಲ್ಲ. ಹೊರಗೆ ನೋಡಿದರೆ ಚಿಕ್ಕ ತಟ್ಟೆ, ಒಳಗೆ ಎರಡು ಅಂತಸ್ತಿನ ಮನೆ. ಅಷ್ಟು ಒಳಗೆ ಹಿಡಿಸಲು ಸಾಧ್ಯವೇ ಇಲ್ಲ. ಆದರೆ ಅದೇ ಸರಣಿಯ ಚಾರಿಯಟ್ ಅಂದರೆ ಪ್ರಾಣ. ಹಿಮದ ಮೇಲೆ ಓಡುವ ಥಿಯೋಕಾಲ್ ಕಂಪನಿಯ ನಿಜವಾದ ಗಾಡಿಯ ಚಾಸಿ ಮೇಲೆ ಪಾರದರ್ಶಕ ಬಾಡಿ ಕೂರಿಸಿದ್ದರು. ಅದು ನಿಜವಾಗಿಯೇ ಕಲ್ಲುಮಣ್ಣು ತುಳಿದು ಓಡುತ್ತದೆ, ಕಣ್ಣಿಗೆ ಗೊತ್ತಾಗುತ್ತದೆ. 1967ರ ‘ಕ್ಯಾಪ್ಟನ್ ಸ್ಕಾರ್ಲೆಟ್’ನ ಎಸ್‌ಪಿವಿ ಎಂಬ ಗಾಡಿಯಲ್ಲಿ ಚಾಲಕ ಹಿಂದಕ್ಕೆ ಮುಖ ಮಾಡಿ ಕೂತು, ಪರದೆಯಲ್ಲಿ ರಸ್ತೆ ನೋಡಿ ಓಡಿಸುತ್ತಾನೆ. ಹುಚ್ಚು ಅನ್ನಬೇಡಿ. ಗುದ್ದಿದಾಗ ಪೆಟ್ಟು ಬೆನ್ನಿಗೆಲ್ಲ ಹಂಚಿಹೋಗುತ್ತದೆ. ಇವತ್ತು ಕಾರುಗಳಲ್ಲಿ ಎಳೆಮಕ್ಕಳ ಸೀಟನ್ನು ಹಿಂದುಮುಂದಾಗಿ ಇಡುವುದು ಇದೇ ಕಾರಣಕ್ಕೆ. ಜಪಾನಿನ ‘ಅಲ್ಟ್ರಾ ಸೆವೆನ್’ನಲ್ಲಿ ಅಲ್ಟ್ರಾ ಹಾಕ್ 1 ಆಕಾಶದಲ್ಲೇ ಮೂರು ವಿಮಾನವಾಗಿ ಬಿಡಿಸಿಕೊಳ್ಳುತ್ತದೆ. ಅದನ್ನು ರೂಪಿಸಿದ ತೊರು ನರಿತಾ ಅವರ ಕೈಚಳಕ, ನೋಡಲೇಬೇಕು. ‘ನೈಟ್ ರೈಡರ್’ನಲ್ಲಿ ‘ಕಿಟ್’ ಎಂಬ ಹೆಸರಿನ ಕಾರು ಚೆಂದ ಮಾತಾಡುತ್ತದೆ, ಆದರೆ ಅದು ಪಾತ್ರ. ಚಾಲಕನಿಲ್ಲದೆ ಓಡುವ ದೃಶ್ಯಗಳಲ್ಲಿ ಒಬ್ಬ ಸ್ಟಂಟ್ ಚಾಲಕ ಸೀಟಿನ ಹೊದಿಕೆಯೊಳಗೆ ಅಡಗಿ ಕೂತಿರುತ್ತಿದ್ದ. ಇದನ್ನು ಮಗಳಿಗೆ ಮೊದಲೇ ಹೇಳಬೇಡಿ.

ಮಾದರಿ ಕಟ್ಟುವ ವಿಷಯಕ್ಕೆ ಬಂದರೂ ನನ್ನ ಸಲಹೆ ಈಗಲ್ಲೇ. ಎಂಟರ್‌ಪ್ರೈಸ್ ಕಿಟ್ ಸುಲಭ ಅನ್ನಿಸಿದರೂ ಎರಡು ತೊಂದರೆ. ಆ ಎಂಜಿನ್‌ಗಳು ತೆಳು ಕಂಬದ ಮೇಲೆ ನಿಲ್ಲಬೇಕು, ಅಂಟು ಸ್ವಲ್ಪ ಸಡಿಲವಾದರೂ ದಿನ ಕಳೆದಂತೆ ಜೋತುಬೀಳುತ್ತವೆ. ಜೊತೆಗೆ ನುಣುಪಾದ ಮೈಯಲ್ಲಿ ಜೋಡಣೆಯ ಒಂದು ಗೆರೆ ಉಳಿದರೂ ಎದ್ದು ಕಾಣುತ್ತದೆ. ಉಪ್ಪುಕಾಗದ ಹಿಡಿದು ಉಜ್ಜುವ ತಾಳ್ಮೆ ಮೊದಲ ಸಲಕ್ಕೆ ಇಬ್ಬರಿಗೂ ಇರಲಿಕ್ಕಿಲ್ಲ. ಈಗಲ್‌ನಲ್ಲಿ ಸಣ್ಣ ತಪ್ಪುಗಳು ಕೊಳವೆಗಳ ನಡುವೆ ಮುಚ್ಚಿಹೋಗುತ್ತವೆ. ಎಂಪಿಸಿ ಎಂಬ ಬ್ರ್ಯಾಂಡಿನಲ್ಲಿ 1:72 ಅಳತೆಯ (ಅಂದರೆ ಕಥೆಯ ನೌಕೆಯ 72ರಲ್ಲಿ ಒಂದು ಪಾಲು) ಚಿಕ್ಕ ಕಿಟ್ ಇದೆ, 1:48ರ ದೊಡ್ಡದೂ ಇದೆ. ದೊಡ್ಡದು 22 ಇಂಚು ಬರುತ್ತದೆ, ಅಂದರೆ ಸ್ಟುಡಿಯೋದ ಮಧ್ಯಮ ಗಾತ್ರದ ಮಾದರಿಯಷ್ಟೇ. ಮೊದಲು ಚಿಕ್ಕದನ್ನೇ ತನ್ನಿ.

ಚೌಕಟ್ಟನ್ನು ಮೊದಲು ಸಮತಟ್ಟಾದ ಗಾಜಿನ ಮೇಲಿಟ್ಟು ಜೋಡಿಸಿ. ಅದು ಸೊಟ್ಟಗಾದರೆ ನಾಲ್ಕು ಕಾಲೂ ನೆಲ ಮುಟ್ಟುವುದಿಲ್ಲ. ಬಣ್ಣ ಶುದ್ಧ ಬಿಳಿ ಬೇಡ, ಸ್ವಲ್ಪ ಬೂದು ಬೆರೆಸಿ. ಒಣಗಿದ ಮೇಲೆ ಗಟ್ಟಿ ಪೆನ್ಸಿಲ್ಲಿನಿಂದ ತಗಡಿನ ಗೆರೆ ಎಳೆಯಿರಿ, ಕೆಳಗಿನ ಎಂಜಿನ್ ಬಾಯಿಗಳ ಸುತ್ತ ಪೆನ್ಸಿಲ್ ಪುಡಿ ಸವರಿ. ಸ್ಪ್ರೇ ಬಣ್ಣ ಹೊಡೆಯುವುದಾದರೆ ತಾರಸಿಯ ಮೇಲೆ, ಗಾಳಿ ಇಲ್ಲದ ಹೊತ್ತಿನಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು.

ನಡುವಿನ ಡಬ್ಬಿಯನ್ನು ಮಾತ್ರ ಅಂಟಿಸಬೇಡಿ, ಕಳಚುವ ಹಾಗೆ ಬಿಡಿ. ಅದರ ಅಳತೆ ತೆಗೆದುಕೊಂಡು ದಪ್ಪ ರಟ್ಟಿನಲ್ಲಿ ಇನ್ನೊಂದು ಡಬ್ಬಿ ನೀವೇ ಮಾಡಬಹುದು. ಆಸ್ಪತ್ರೆಯೋ, ಗ್ರಂಥಾಲಯವೋ, ನೀರಿನ ಟ್ಯಾಂಕೋ, ಮಗಳೇ ತೀರ್ಮಾನಿಸಲಿ. ಶುರು ಮಾಡುವ ಮುಂಚೆ ‘ಬ್ರೇಕ್‌ಅವೇ’ ಎಂಬ ಮೊದಲ ಕಂತು ನೋಡಿ. ಅದರಲ್ಲಿ ಈಗಲ್‌ಗಳು ಸರಪಳಿ ಇಳಿಸಿ ತ್ಯಾಜ್ಯದ ಡಬ್ಬಿಗಳನ್ನು ಎತ್ತುವ ದೃಶ್ಯ ಇದೆ. ಯಾವ ಭಾಗ ಎಲ್ಲಿ ಕೂರುತ್ತದೆ ಅನ್ನುವುದು ಕಿಟ್ಟಿನ ಕಾಗದಕ್ಕಿಂತ ಅಲ್ಲೇ ಚೆನ್ನಾಗಿ ಗೊತ್ತಾಗುತ್ತದೆ.